ಡಾಕ್ಸಿ ಹಿರೇಯ ದನಿ

ಟಿವಿಡೇಲ್
9 ಫೆಬ್ರುವರಿ 2025

ದಾಕ್ಷಿ,

ಅರವತ್ತು ದಾಟಿದ ತಂಗಿಗೆ ‘ಚಿರಂಜೀವಿ’ ಎಂದು ಬರೆಯಲು ಪೆನ್ನು ಏಳಲಿಲ್ಲ. ಮದುವೆಯಾಗದವಳಿಗೆ ‘ಸೌಭಾಗ್ಯವತಿ’ ಎಂದು ಬರೆದರೆ ನೀನು ಕಾಗದವನ್ನು ಹರಿದೇ ಹಾಕುತ್ತೀ. ಹೀಗಾಗಿ ಬರೀ ಹೆಸರು. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಮಾತು ಕೇಳುವುದಿಲ್ಲ. ಪ್ರಾಕ್ಟೀಸು ಬಿಟ್ಟ ಮೇಲೆ, ಇಷ್ಟು ವರ್ಷ ನಾನು ಪೇಶಂಟುಗಳಿಗೆ ಹೇಳುತ್ತಿದ್ದ ಪಥ್ಯವನ್ನೆಲ್ಲ ಪ್ರಭಾವತಿ ನನ್ನ ಮೇಲೆಯೇ ಪ್ರಯೋಗ ಮಾಡುತ್ತಿದ್ದಾಳೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೇ ನಾಲ್ಕನೇ ತಾರೀಖು, ಭಾನುವಾರ, ನಮ್ಮ ಬಳಗದ ಬಸವ ಜಯಂತಿ. ಮಿಡ್‌ಲ್ಯಾಂಡ್ಸಿನ ಲಿಂಗಾಯತ ಮನೆಗಳವರೆಲ್ಲ ಸೇರುತ್ತಾರೆ. ಈ ಸಲ ಶೆಫೀಲ್ಡ್, ಲೀಡ್ಸ್ ಕಡೆಯವರೂ ಬರುತ್ತಿದ್ದಾರೆ. ಓಲ್ಡ್‌ಬರಿಯಲ್ಲಿ ಒಂದು ಶಾಲೆಯ ಹಾಲ್ ಹಿಡಿದಿದ್ದೇವೆ. ಹೋದ ವಾರ ಕಮಿಟಿ ಮೀಟಿಂಗಿನಲ್ಲಿ ಅಧ್ಯಕ್ಷ ಬಸವಪ್ರಭು ತಮ್ಮ ಫೋನ್ ತೆಗೆದು ಒಂದು ಫೋಟೊ ತೋರಿಸಿದರು. ಅವರು ಶೆಫೀಲ್ಡಿನಲ್ಲಿ ಎಲುಬಿನ ಡಾಕ್ಟರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಆದರೂ ಅಧ್ಯಕ್ಷರು.

“ಸರ್, ಇವ್ರು ಡಾಕ್ಸಿ ಹಿರೇ ಅಂತ. ನಮ್ಮ ವಾರ್ಡಿನ ನರ್ಸುಗಳೆಲ್ಲ ಇವ್ರ ಫ್ಯಾನ್ಸು. ಮೂಲ ಹೆಸರು ಹಿರೇಮಠ ಅಂತೆ. ನಿಮ್ಗೇನಾದ್ರೂ ಗೊತ್ತಾ?” ಎಂದರು.

ಮಿಣಿಮಿಣಿ ಹೊಳೆಯುವ ಅಂಗಿ, ಕೊರಳಿಗೆ ಅದೇ ಬಟ್ಟೆಯ ಪಟ್ಟಿ, ಕೈಯಲ್ಲಿ ಮೈಕು. ನೀನು.

ಹಿಂದೆಲ್ಲ ಯಾರಾದರೂ ಕೇಳಿದರೆ ‘ತಂಗಿ ಮ್ಯೂಸಿಕ್ ಲೈನಿನಲ್ಲಿದ್ದಾಳೆ’ ಎಂದು ಹೇಳಿ ಚಹಾ ತರುವ ನೆಪದಲ್ಲಿ ಎದ್ದುಬಿಡುತ್ತಿದ್ದೆ. ಅವತ್ತು ಮೊಣಕಾಲು ಏಳಗೊಡಲಿಲ್ಲ. “ನನ್ನ ತಂಗಿ” ಎಂದುಬಿಟ್ಟೆ. ಬಯ್ಯುವರೇನೋ ಎಂದುಕೊಂಡರೆ ಎಲ್ಲರೂ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಇಪ್ಪತ್ತೈದು ವರ್ಷ ಈ ಕಮಿಟಿಯಲ್ಲಿ ಊಟದ ತಟ್ಟೆ ಎಣಿಸಿದವನನ್ನು ಮೊದಲ ಸಲ ಮನುಷ್ಯ ಎಂದು ನೋಡಿದರು.

ನೀನು ಬಂದು ಎರಡು ವಚನ ಹಾಡಬೇಕು ಎನ್ನುವುದು ಎಲ್ಲರ ಆಸೆ. ಹಾರ್ಮೋನಿಯಂಗೆ ಭಾಗ್ಯಶ್ರೀ ಇದ್ದಾಳೆ, ಲಫ್‌ಬರೋದಲ್ಲಿ ಇಂಜಿನಿಯರು, ಒಳ್ಳೆಯ ಹುಡುಗಿ. ಅವ್ವ ಕಲಿಸಿದ್ದೆಲ್ಲ ನಿನಗೆ ಮರೆತಿರಲಿಕ್ಕಿಲ್ಲ. ನಿನ್ನ ನಂಬರು ನನ್ನ ಮಗ ಯಶಸ್‌ನ ಹತ್ತಿರ ಇದೆ. ಫೋನ್ ಮಾಡಲೆ?

ನಿನ್ನ ಅಣ್ಣ,
ಚಿದಾನಂದ


ಮ್ಯಾಂಚೆಸ್ಟರ್
17 ಫೆಬ್ರುವರಿ 2025

ಅಣ್ಣಾ,

ಫೋನ್ ಮಾಡಬೇಡ. ಕಾಗದವೇ ಬರಿ. ಅವ್ವ ಹೋದ ಮೇಲೆ ಈ ಬಾಗಿಲಿನ ಸಂದಿಯಿಂದ ಕನ್ನಡ ಅಕ್ಷರ ಒಳಗೆ ಬಿದ್ದೇ ಇರಲಿಲ್ಲ. ನಿನ್ನ ಅಕ್ಷರ ಇನ್ನೂ ಔಷಧಿ ಚೀಟಿಯ ಥರವೇ ಇದೆ, ಆದರೂ ಕಷ್ಟಪಟ್ಟು ಓದಿಕೊಂಡೆ.

ನೀನು ನಾಲ್ಕು ಜನರೆದುರು ‘ನನ್ನ ತಂಗಿ’ ಎಂದದ್ದನ್ನು ಮೊದಲು ನಿಂತುಕೊಂಡು ಓದಿದೆ, ಆಮೇಲೆ ಕುಳಿತುಕೊಂಡು ಓದಿದೆ. ಸಂತೋಷವಾಯಿತು. ಅದಕ್ಕೇಕೆ ಸುಳ್ಳು ಹೇಳಲಿ.

ಆದರೆ ಬರಲು ಆಗುವುದಿಲ್ಲ.

ನಿಮ್ಮ ಅಧ್ಯಕ್ಷರು ಮತ್ತೆ ಕೇಳಿದರೆ ಹೇಳಲು ನಿನಗೆ ನನ್ನ ಬಗ್ಗೆ ಏನಾದರೂ ಗೊತ್ತಿರಬೇಕಲ್ಲ, ಬರೆಯುತ್ತೇನೆ. ಇಪ್ಪತ್ತೊಂದನೇ ವಯಸ್ಸಿಗೆ ಬರ್ಮಿಂಗ್‌ಹ್ಯಾಮಿನ ಒಂದು ಕ್ಲಬ್ಬಿನಲ್ಲಿ ಹಿಂದಿನ ಸಾಲಿನಲ್ಲಿ ಹಾಡಲು ನಿಂತೆ. ಪೋಸ್ಟರಿನ ಮೂಲೆಯಲ್ಲಿ ಸಣ್ಣಗೆ ನನ್ನ ಹೆಸರು ಬಂತು. ಅಪ್ಪನ ಪೇಶಂಟು ಒಬ್ಬಳು ಅದನ್ನು ನೋಡಿ ಅಪ್ಪನನ್ನು ಅಭಿನಂದಿಸಿದಳಂತೆ. “ಹಿರೇಮಠ ಅನ್ನೂ ಹೆಸರು ಇನ್ನೊಮ್ಮೆ ಗ್ವಾಡಿ ಮ್ಯಾಲ ಕಂಡ್ರ ಈ ಮನಿ ಬಾಗಲಾ ನಿನಗಿಲ್ಲ” ಎಂದ ಅಪ್ಪ. ನೀನು ಅಲ್ಲೇ ಸೋಫಾದ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಮಠ ಬಿಟ್ಟೆ, ಹಿರೇ ಇಟ್ಟುಕೊಂಡೆ. ಬಾಗಿಲು ಹೇಗೂ ಮುಚ್ಚಿತು.

ಅಲ್ಲಿಂದ ಯಾರ್ಕ್‌ಷೈರಿನ ಕಾರ್ಮಿಕರ ಕ್ಲಬ್ಬುಗಳು. ನಾನು ಒಂದು ಹಾಡು ಮುಗಿಸಿದರೆ ಬಿಂಗೊ ಆಟ, ಮತ್ತೆ ಒಂದು ಹಾಡು, ಮತ್ತೆ ಮಾಂಸದ ಕಡುಬಿನ ಊಟ. ಗಣಿ ಮುಚ್ಚಿದ ಊರುಗಳವು. ಸೋಲ್ ಸಂಗೀತ ಎಂದರೆ ಅಳು ಬಂದವರು ಕೂತು ಕೇಳುವುದು, ಡಿಸ್ಕೊ ಎಂದರೆ ಅದೇ ಜನ ಎದ್ದು ಕುಣಿಯುವುದು. ನನಗೆ ಗೊತ್ತಿರುವ ಶಾಸ್ತ್ರ ಇಷ್ಟೇ. ತೊಂಬತ್ಮೂರರಲ್ಲಿ ಲೀಡ್ಸಿನ ಒಂದು ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದೆವು. ಆ ಒಂದು ಬೇಸಿಗೆ ಈ ಸೀಮೆಯ ಕಾರು, ಅಂಗಡಿ, ಕ್ಷೌರದ ಅಂಗಡಿಗಳಲ್ಲೆಲ್ಲ ನನ್ನ ದನಿ ಇತ್ತು. ನಿನ್ನ ಕಾರಿನಲ್ಲೂ ಬಂದಿದ್ದೀತು, ನೀನು ಸ್ಟೇಷನ್ ಬದಲಿಸಿರುತ್ತೀ.

ಆಮೇಲೆ ಹಡಗುಗಳು, ಕಡಲತೀರದ ರಜಾ ಕ್ಯಾಂಪುಗಳು. ಈಗ ಮಧ್ಯಾಹ್ನದ ಡಿಸ್ಕೊ. ಮೂರು ಗಂಟೆಗೆ ಶುರು, ಏಳಕ್ಕೆ ಮುಕ್ತಾಯ, ಒಂಬತ್ತಕ್ಕೆ ಎಲ್ಲರೂ ಹಾಸಿಗೆಯಲ್ಲಿ. ಬರುವವರೆಲ್ಲ ನಿನ್ನ ಮೊಣಕಾಲಿನವರೇ.

ಮೇ ತಿಂಗಳು ಪೂರ್ತಿ ಬುಕ್ ಆಗಿದೆ. ಅದೂ ಅಲ್ಲದೆ ಲಿಂಗ ಬಿಚ್ಚಿಟ್ಟು ನಲವತ್ತು ವರ್ಷವಾದ ಈ ಕೊರಳಿನಿಂದ ನಿಮಗೆ ವಚನ ಯಾಕೆ? ಭಾಗ್ಯಶ್ರೀಯೇ ಹಾಡಲಿ. ಪ್ರಭಾವತಿ ವೈನಿಗೆ ನಮಸ್ಕಾರ ಹೇಳು.

ದಾಕ್ಷಿ


ಟಿವಿಡೇಲ್
22 ಫೆಬ್ರುವರಿ 2025

ದಾಕ್ಷಿ,

ಲಿಂಗದ ಮಾತು ಎತ್ತಿ ನನ್ನ ಬಾಯಿ ಮುಚ್ಚಿಸಿದೆ. ಇರಲಿ.

ನಿನಗೆ ನನ್ನ ಮೇಲೆ ಸಿಟ್ಟಿದೆ. ಮೊದಲ ಸಾಲಿನಲ್ಲೇ ಫೋನ್ ಬೇಡ ಎಂದೆಯಲ್ಲ, ಅಲ್ಲಿಯೇ ತಿಳಿಯಿತು. ನಿನ್ನ ದನಿಯನ್ನು ಕೂಡ ನನಗೆ ಕೇಳಿಸಲು ನಿನಗೆ ಮನಸ್ಸಿಲ್ಲ. ಸೋಫಾದ ಮೇಲೆ ಪುಸ್ತಕ ಹಿಡಿದು ಕೂತವನಿಗೆ ಇದೇ ಸರಿ. ಪ್ರಭಾವತಿಗೆ ಓದಿ ಹೇಳಿದೆ. “ನಿಮಗ ತಕ್ಕದ್ದು ಬರದಾಳ ಬಿಡ್ರಿ” ಎಂದು ಚಪಾತಿ ಲಟ್ಟಿಸಲು ಹೋದಳು.

ಈಗ ನಾಚಿಕೆ ಬಿಟ್ಟು ಒಂದು ವಿಷಯ ಹೇಳುತ್ತೇನೆ. ನಿನಗೆ ಮೊದಲ ಕಾಗದ ಹಾಕುವ ಹೊತ್ತಿಗೇ ನಾನು ಬಸವಪ್ರಭು ಅವರಿಗೆ ‘ಬರುತ್ತಾಳೆ’ ಎಂದು ಮಾತು ಕೊಟ್ಟಾಗಿತ್ತು. ನನ್ನ ತಂಗಿ ನಾನು ಕರೆದರೆ ಬರುವುದಿಲ್ಲ ಎಂದು ಹೇಗೆ ಹೇಳಲಿ? ಕರಪತ್ರ ಅಚ್ಚಾಗಿದೆ, ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ‘ವಿಶೇಷ ಆಕರ್ಷಣೆ: ಖ್ಯಾತ ಗಾಯಕಿ ಕುಮಾರಿ ದಾಕ್ಷಾಯಣಿ ಹಿರೇಮಠ ಅವರಿಂದ ವಚನ ಗಾಯನ’. ಕುಮಾರಿ ಎಂದು ಹಾಕಿದ್ದು ಬಸವಪ್ರಭು, ನಗಬೇಡ. ಆದರೆ ಹಿರೇಮಠ ಎಂದು ಪೂರ್ತಿ ಹೆಸರು ಬರೆಸಿದವನು ನಾನು.

ನನ್ನ ಮಾನ ಉಳಿಸು.

ಚಿದಾನಂದ


ಮ್ಯಾಂಚೆಸ್ಟರ್
3 ಮಾರ್ಚ್ 2025

ಅಣ್ಣಾ,

ಸಿಟ್ಟಿಲ್ಲ. ಸಿಟ್ಟು ಮಾಡಿ ಮಾಡಿ ನನಗೇ ಬೇಸರವಾಗಿ ಬಿಟ್ಟು ಎಷ್ಟೋ ಕಾಲವಾಯಿತು.

ಆಗುವುದಿಲ್ಲ, ಅಷ್ಟೇ. ಕಾರಣ ಕೇಳಬೇಡ. ಜ್ವರ ಬಂದಿದೆ ಎಂದು ಹೇಳು, ಮಹಾರಾಣಿಯಂತೆ ಆಡುತ್ತಾಳೆ ಎಂದು ಹೇಳು, ನಿನಗೆ ಯಾವುದು ಸುಲಭವೋ ಅದನ್ನು ಹೇಳು. ಕರಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಹಾಲು ತೆಗೆಯುವಾಗಲೆಲ್ಲ ಓದುತ್ತೇನೆ.

ದಾಕ್ಷಿ


ಟಿವಿಡೇಲ್
30 ಮಾರ್ಚ್ 2025, ಯುಗಾದಿ

ದಾಕ್ಷಿ,

ನಿನ್ನೆ ನಾನು ಲೀಡ್ಸಿಗೆ ಬಂದಿದ್ದೆ. ನಿನ್ನ ಮಧ್ಯಾಹ್ನದ ಡಿಸ್ಕೊಗೆ. ಹೌದು, ನಾನೇ.

ಮಹಾರಾಣಿಯಂತೆ ಆಡುತ್ತಾಳೆ ಎಂದು ಹೇಳು ಎಂದೆಯಲ್ಲ, ಆ ಮಾತು ಕೊರೆಯುತ್ತಲೇ ಇತ್ತು. ನಲವತ್ತು ವರ್ಷದಲ್ಲಿ ಒಂದು ಸಲವೂ ಬಂದು ಕೇಳದವನು ನನ್ನ ಹಾಲಿಗೆ ಬಂದು ಹಾಡು ಎಂದರೆ ಯಾವಳು ಬಂದಾಳು? ಅದಕ್ಕೆ ಮೊದಲು ನಾನು ಬರಬೇಕು ಎಂದು ತೀರ್ಮಾನಿಸಿದೆ. ಯಶಸ್ ಟಿಕೆಟ್ ತೆಗೆದುಕೊಟ್ಟ. ಏನು ಹಾಕಿಕೊಳ್ಳಬೇಕು ಎಂದು ಯಾರೂ ಹೇಳಲಿಲ್ಲ. ನಾನು ಸೂಟು, ನಿನ್ನ ವೈನಿ ಧರ್ಮಾವರಂ ಸೀರೆ. ಬಾಗಿಲಲ್ಲಿ ನಿಂತ ದಾಂಡಿಗ ನಮ್ಮನ್ನು ನೋಡಿ “ಮದುವೆ ಪಕ್ಕದ ಹಾಲಿನಲ್ಲಿ” ಎಂದ.

ಒಳಗೆ ಹೋದರೆ ಎಲ್ಲ ನಮ್ಮ ವಯಸ್ಸಿನ ಹೆಂಗಸರು, ಬೆಳ್ಳಿ ಬಣ್ಣದ ಬೂಟು, ತಲೆಗೆ ಗುಲಾಬಿ ಟೋಪಿ. ಒಬ್ಬಾಕೆ ನನ್ನ ಟೈ ಹಿಡಿದು ಕುಣಿಯಲು ಎಳೆದಳು. “ಹೋಗ್ರಿ, ಮೊಣಕಾಲಿಗೆ ಛಲೋ” ಎಂದು ಪ್ರಭಾವತಿ ದೂಡಿಯೇ ಬಿಟ್ಟಳು. ಅಷ್ಟರಲ್ಲಿ ದೀಪ ಆರಿ, ನೀನು ಬಂದೆ.

ದಾಕ್ಷಿ, ಏನೆಂದು ಬರೆಯಲಿ? ಮೊದಲು ಆ ನಿಧಾನದ ಹಾಡು. ಕೆಳಗಿನಿಂದ ಎತ್ತಿ, ಎತ್ತಿ, ಇನ್ನು ಸಾಧ್ಯವಿಲ್ಲ ಎನ್ನುವಲ್ಲಿಂದ ಇನ್ನೂ ಒಂದು ಮೆಟ್ಟಿಲು ಹತ್ತಿ ಅಲ್ಲೇ ನಿಂತೆಯಲ್ಲ. ಅದು ಅವ್ವನ ದನಿ. ಆಮೇಲೆ ಕುಣಿತದ ಹಾಡುಗಳು. ನಾನು ಡಾಕ್ಟರು, ನಂಬರುಗಳನ್ನು ನೋಡುವವನು. ಅರವತ್ತೆರಡರ ಹೆಂಗಸು ಇಡೀ ಸ್ಟೇಜು ಸುತ್ತಿ ಕುಣಿಯುತ್ತ ಹಾಡಿದರೂ ಒಂದು ಏದುಸಿರಿಲ್ಲ, ಒಂದು ಸ್ವರ ಅಲುಗಲಿಲ್ಲ! ನನ್ನ ಸರ್ವಿಸಿನಲ್ಲೇ ಇಂಥ ಶ್ವಾಸಕೋಶ ನೋಡಿಲ್ಲ. ನೀನು “ಲೀಡ್ಸ್, ಐ ಲವ್ ಯೂ!” ಎಂದು ಕೂಗಿದಾಗ ನಿನ್ನ ವೈನಿಯೂ ಕೈ ಎತ್ತಿ ಕೂಗಿದಳು.

ನಾನು ಕತ್ತಲಲ್ಲಿ ನಿಂತು ಅತ್ತೆ. ನಾಚಿಕೆಯಿಂದ ಅತ್ತೆ. ಇಂಥ ದನಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ತಂಗಿ ನೂರು ಮೈಲಿಯೊಳಗೆ ಇದ್ದಾಗ, ನಾನು ಊರವರ ಕೆಮ್ಮು ಕೇಳುತ್ತ ಕೂತಿದ್ದೆ. ಅಪ್ಪ ಹೇಳಿದ, ನಾನು ಪುಟ ತಿರುಗಿಸಿದೆ. ಅಪ್ಪ ಹೋದ ಮೇಲಾದರೂ ಬರಬಹುದಿತ್ತು, ಆಗಲೂ ಬರಲಿಲ್ಲ. ಸ್ಟೇಜಿನ ಹಿಂದೆ ಬಂದು ನಿನ್ನನ್ನು ಕಾಣಲು ಮುಖವಿರಲಿಲ್ಲ. ಹಾಗೇ ಕಾರು ಹತ್ತಿದೆ.

ಇವತ್ತು ಬಳಗದವರು ಹಬ್ಬಕ್ಕೆ ಸೇರಿದ್ದಾಗ ಎಲ್ಲರಿಗೂ ಹೇಳಿದೆ, ಅಡುಗೆಯವರನ್ನೂ ಬಿಡದೆ. ಇನ್ನು ನೀನು ಬರದಿದ್ದರೆ ಕೇಳುವುದಿಲ್ಲ. ಆದರೆ ಬಾ.

ಅಣ್ಣ


ಮ್ಯಾಂಚೆಸ್ಟರ್
8 ಏಪ್ರಿಲ್ 2025

ಅಣ್ಣಾ,

ನಿನ್ನ ಕಾಗದ ಬಂದು ವಾರವಾಯಿತು. ಇಂಥದೊಂದು ಕಾಗದ ಬರಲಿ ಎಂದು ನಾನು ನಲವತ್ತು ವರ್ಷ ಕಾದಿದ್ದೆ. ಬಂದ ದಿನ ಅದನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿ ಆಚೆಗೆ ಹೋಗಿಬಿಟ್ಟೆ. ನಾಚಿಕೆಯಲ್ಲಿ ನಿನ್ನದು ದೊಡ್ಡದು ಎಂದುಕೊಂಡಿದ್ದೀ. ನನ್ನದನ್ನು ಕೇಳು.

ನೀನು ಕೇಳಿದ್ದು ನಾನು ಹಾಡಿದ್ದಲ್ಲ. ಅದು ತೊಂಬತ್ಮೂರರ ರೆಕಾರ್ಡು. ಮೈಕು ಆಫ್ ಆಗಿರುತ್ತದೆ. ನಾನು ತುಟಿ ಆಡಿಸುತ್ತೇನೆ. “ಲೀಡ್ಸ್, ಐ ಲವ್ ಯೂ” ಕೂಡ ಟೇಪಿನದೇ; ಶೆಫೀಲ್ಡಿಗೆ ಬೇರೆ ಟೇಪು ಇದೆ.

ನಾಲ್ಕು ವರ್ಷದ ಹಿಂದೆ ನನ್ನ ಥೈರಾಯ್ಡಿನಲ್ಲಿದ್ದ ಗಂಟು ತೆಗೆದರು. ಗಂಟು ಕೆಟ್ಟದ್ದಾಗಿರಲಿಲ್ಲ. ಆದರೆ ಅದಕ್ಕೆ ಅಂಟಿಕೊಂಡಿದ್ದ ದನಿಯ ನರ ಸೋತುಹೋಯಿತು. ಯಾರ ತಪ್ಪೂ ಅಲ್ಲ, ಹೀಗಾಗಬಹುದು ಎಂದು ಮೊದಲೇ ಹೇಳಿದ್ದರು. ಎಚ್ಚರವಾದಾಗ ನರ್ಸಿಗೆ ನೀರು ಕೇಳಿದೆ, ಗಾಳಿ ಮಾತ್ರ ಬಂತು. ಈಗ ಗೊಗ್ಗರು ಮಾತು ಬರುತ್ತದೆ, ಹತ್ತು ಮಾತು ಆಡಿದರೆ ಸುಸ್ತು. ಹಾಡು ಇಲ್ಲ. ಒಂದು ಸ್ವರವೂ ಇಲ್ಲ. ಕೊರಳಿನ ಪಟ್ಟಿ ಹೊಲಿಗೆಯ ಗುರುತು ಮುಚ್ಚಲಿಕ್ಕೆ. ಫೋನ್ ಬೇಡ ಎಂದದ್ದು ಇದಕ್ಕೆ. ನೀನು ಹಲೋ ಎನ್ನುತ್ತಿದ್ದಂತೆ ನನ್ನ ಗುಟ್ಟು ಬಯಲಾಗುತ್ತಿತ್ತು.

ಇಷ್ಟು ವರ್ಷ ಡಾಕ್ಟರಿಕೆ ಮಾಡಿದವನು ನೀನು. ಅರವತ್ತು ದಾಟಿದವಳು ಕುಣಿದು ಹಾಡಿದರೂ ಏದುಸಿರಿಲ್ಲ ಎಂದರೆ ಸಂಶಯ ಬರಬೇಡವೆ?

ಬಿಟ್ಟುಬಿಡಬಹುದಿತ್ತು. ಮ್ಯಾನೇಜರ್ ಹೇಳಿದ, “ಯಾರಿಗೂ ಗೊತ್ತಾಗಲ್ಲ, ಒಂದು ಸೀಸನ್ ಮಾಡು.” ಮೊದಲ ಸಲ ಸ್ಟೇಜಿನ ಹಿಂದೆ ಬಂದು ವಾಂತಿ ಮಾಡಿದೆ. ಎರಡನೆಯ ಸಲ ಮಾಡಲಿಲ್ಲ. ಅದೇ ಕೆಟ್ಟದ್ದು. ಆ ಜನ ನನ್ನನ್ನು ನೋಡಿ ಅಳುತ್ತಾರೆ, ಗಂಡ ಸತ್ತ ವರ್ಷ ಈ ಹಾಡು ಕೇಳಿ ಬದುಕಿದೆ ಎಂದು ಒಬ್ಬಾಕೆ ಹೇಳುತ್ತಾಳೆ, ನಾನು ಕೈ ಎದೆಗಿಟ್ಟುಕೊಂಡು ತಲೆ ಬಾಗುತ್ತೇನೆ. ಮಾತಾಡಲು ಆಗುವುದಿಲ್ಲವಲ್ಲ. ವಿನಯ ಎಂದುಕೊಳ್ಳುತ್ತಾರೆ.

ಡಿಸ್ಕೊದಲ್ಲಿ ಇದು ನಡೆಯುತ್ತದೆ. ಒಂದು ಹಾರ್ಮೋನಿಯಂ ಇಟ್ಟುಕೊಂಡು, ಜನರಿಂದ ಎರಡು ಮಾರು ದೂರದಲ್ಲಿ ಕೂತು, ವಚನ ಹೇಗೆ ಹೇಳಲಿ?

ಇನ್ನೊಂದು ಮಾತು. ನೀನು ಕತ್ತಲಲ್ಲಿ ನಿಂತು ಅತ್ತದ್ದು ನನ್ನ ದನಿಗೇ, ಅದು ಸುಳ್ಳಲ್ಲ. ಆದರೆ ಅದು ನನ್ನ ಮೂವತ್ತರ ದನಿ. ಅದು ಗಂಟಲಲ್ಲಿ ಇದ್ದಾಗ ಪ್ರತಿ ಶನಿವಾರ ಟಿಕೆಟ್ ಸಿಗುತ್ತಿತ್ತು.

ದಾಕ್ಷಿ


ಟಿವಿಡೇಲ್
19 ಏಪ್ರಿಲ್ 2025

ದಾಕ್ಷಿ,

ಯಾವ ಕಡೆಯ ನರ? ಒಂದೇ ಕಡೆಯೋ, ಎರಡೂ ಕಡೆಯೋ? ನುಂಗಲು ತೊಂದರೆ ಇದೆಯೇ? ನೀರು ಕುಡಿದರೆ ಕೆಮ್ಮು ಬರುತ್ತದೆಯೇ? ಮನೆಯಲ್ಲಿ ಡಾಕ್ಟರು ಇದ್ದೂ ನನಗೆ ಒಂದು ಮಾತು ಹೇಳಲಿಲ್ಲವಲ್ಲ. ಹೇಗೆ ಹೇಳುತ್ತೀ, ಅದೂ ಸರಿ.

ನಿನ್ನ ಕಾಗದವನ್ನು ಪ್ರಭಾವತಿಗೂ ತೋರಿಸಿಲ್ಲ. ಹತ್ತು ದಿನ ಒಬ್ಬನೇ ತಲೆ ಕೆಡಿಸಿಕೊಂಡಿದ್ದೇನೆ. ಬೇಸರ ಮಾಡಿಕೊಳ್ಳದೆ ಓದು.

ಲೀಡ್ಸಿನಿಂದ ಬಂದವನು ನಾನು ಸುಮ್ಮನಿರಲಿಲ್ಲ. ಅರವತ್ತೆರಡಕ್ಕೆ ಏದುಸಿರಿಲ್ಲದ ತಂಗಿ ಎಂದು ಸಿಕ್ಕವರಿಗೆಲ್ಲ ಸಾರಿದ್ದೇನೆ. ಬಸವಪ್ರಭು ತಮ್ಮ ನರ್ಸುಗಳನ್ನೂ ಕರೆದಿದ್ದಾರೆ. ಲೀಡ್ಸಿನವರು ವ್ಯಾನ್ ಮಾಡಿದ್ದಾರೆ. ಈಗ ಇಲ್ಲ ಎಂದರೆ, ನಾನು ಸುಳ್ಳು ಹೇಳಿದೆ ಎಂದಾಗುತ್ತದೆ. ಇಲ್ಲವೇ ನಿಜ ಹೇಳಬೇಕು, ಅದು ನಿನಗೆ ಇನ್ನೂ ಕಷ್ಟ.

ನಾವು ಇಲ್ಲಿಗೆ ಬಂದ ಹೊಸತರಲ್ಲಿ ಅವ್ವ ಧಾರವಾಡದ ಅಜ್ಜಿಗೆ ಕಳಿಸಲೆಂದು ನಿನ್ನಿಂದ ವಚನ ಹಾಡಿಸಿ ಕ್ಯಾಸೆಟ್ ಮಾಡಿದ್ದಳು. ನೀನಾಗ ಹದಿನೈದರವಳು. ಅದರ ಒಂದು ಪ್ರತಿ ನಮ್ಮ ಮೇಲಟ್ಟದಲ್ಲಿತ್ತು. ಯಶಸ್ ಅದನ್ನು ಕಂಪ್ಯೂಟರಿಗೆ ಹಾಕಿ ಗರಗರ ಸದ್ದನ್ನೆಲ್ಲ ತೆಗೆದಿದ್ದಾನೆ. ಎಷ್ಟು ಸ್ವಚ್ಛವಾಗಿದೆ ಎಂದರೆ ಪಕ್ಕದಲ್ಲೇ ಕೂತು ಹಾಡಿದಂತಿದೆ. ಅದನ್ನು ಹಾಕೋಣ. ಭಾಗ್ಯಶ್ರೀಗೆ ಹಾರ್ಮೋನಿಯಂ ಬೇಡ ಎನ್ನುತ್ತೇನೆ. ನೀನು ಸ್ಟೇಜಿನ ಮೇಲೆ ಸ್ವಲ್ಪ ಹಿಂದೆ ಕೂತು ತುಟಿ ಆಡಿಸು. ಎರಡೇ ವಚನ. ವಾರ ವಾರ ಪರರಿಗೆ ಮಾಡುತ್ತೀ, ಒಂದು ಸಲ ನಮಗಾಗಿ ಮಾಡು.

ದನಿ ನಿನ್ನದೇ ಅಲ್ಲವೆ? ಇದರಲ್ಲಿ ಮೋಸವೇನು ಬಂತು?

ಅಣ್ಣ


ಮ್ಯಾಂಚೆಸ್ಟರ್
24 ಏಪ್ರಿಲ್ 2025

ಅಣ್ಣಾ,

ಬರುತ್ತೇನೆ.

ಅವ್ವನ ಇಳಕಲ್ ಸೀರೆ ವೈನಿಯ ಹತ್ತಿರ ಇದ್ದರೆ ತೆಗೆದಿಡಲು ಹೇಳು.

ದಾಕ್ಷಿ


ಟಿವಿಡೇಲ್
7 ಮೇ 2025

ದಾಕ್ಷಿ,

ಇದು ನಾಲ್ಕನೆಯ ಹಾಳೆ. ಮೊದಲ ಮೂರರಲ್ಲಿ ನಾನು ನಿನಗೆ ಬೈದಿದ್ದೆ, ಹರಿದು ಹಾಕಿದೆ.

ನಾನು ಕಂಡದ್ದನ್ನು ಹೇಳುತ್ತೇನೆ. ಅವ್ವನ ಸೀರೆಯಲ್ಲಿ ನೀನು ಸ್ಟೇಜು ಹತ್ತಿದೆ. ಕೊರಳಿಗೆ ಪಟ್ಟಿ ಇರಲಿಲ್ಲ. ಸೆರಗು ಹೊದ್ದಿದ್ದೀಯಲ್ಲ, ನಡೆಯುತ್ತದೆ ಎಂದುಕೊಂಡೆ. ಯಶಸ್ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ನಿನ್ನ ದನಿ ಬಂತು, ಮೊದಲ ಸಾಲಿಗೆ ನಿನ್ನ ತುಟಿ ಸರಿಯಾಗಿ ಕೂಡಿಕೊಂಡಿತು. ಎಷ್ಟು ಚೆಂದ ಎಂದು ಬಸವಪ್ರಭು ನನ್ನ ತೊಡೆ ತಟ್ಟಿದರು. ಎರಡನೆಯ ಸಾಲಿಗೆ ನೀನು ಬಾಯಿ ಮುಚ್ಚಿದೆ. ಮೈಕನ್ನು ಮಡಿಲಲ್ಲಿ ಇಟ್ಟುಕೊಂಡೆ. ಹದಿನೈದರ ಹುಡುಗಿ ಹಾಡುತ್ತಲೇ ಇದ್ದಳು, ನೀನು ಜನರನ್ನು ನೋಡುತ್ತ ಕೂತಿದ್ದೆ.

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಬಸವಪ್ರಭು ನಿಧಾನವಾಗಿ ಕತ್ತು ತಿರುಗಿಸಿ ನನ್ನ ಮುಖ ನೋಡಿದರು. ನನಗೆ ಆಗ ಬಂದ ನಾಚಿಕೆ ನಿನಗಾಗಿ ಅಲ್ಲ, ದಾಕ್ಷಿ. ನನಗಾಗಿ. ನನ್ನ ಹೆಸರು, ನನ್ನ ಕಮಿಟಿ, ನನ್ನ ಮಾತು. “ಕಾರಿನಲ್ಲಿ ಗುಳಿಗೆ ಮರೆತೆ” ಎಂದು ಎದ್ದೆ. ಮೊಣಕಾಲು ಅವತ್ತು ಸರಿಯಾಗಿ ಎದ್ದಿತು ನೋಡು.

ಕಾರಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಹಾಲಿನಿಂದ ದೊಡ್ಡ ಗದ್ದಲ ಕೇಳಿಸಿತು. ಜನ ರೇಗಿ ಕೂಗಾಡುತ್ತಿದ್ದಾರೆ ಎಂದು ಭಾವಿಸಿದೆ. ಕಿಟಕಿಯ ಗಾಜು ಏರಿಸಿಕೊಂಡು ಕಣ್ಣು ಮುಚ್ಚಿದೆ.

ಅದು ಗದ್ದಲವಲ್ಲ ಎಂದು ಮನೆಗೆ ಬರುವ ದಾರಿಯಲ್ಲಿ ಪ್ರಭಾವತಿ ಹೇಳಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ನೀವು ಹೋದ ಮ್ಯಾಲ ಆಕಿ ಯಶಸ್‌ಗ ಕೈ ಮಾಡಿ ನಿಲ್ಲಸಂದ್ಳು. ‘ಇದು ನನ್ನ ಹದಿನೈದರಾಗಿನ ದನಿರಿ. ಈಗಿಂದು ಹಿಂಗೈತಿ’ ಅಂದ್ಳು. ಕರಕರ ಅಂತಿತ್ತು ಪಾಪ. ಮತ್ತ ಒಂದು ಸಾಲು ಅಂದ್ಳು, ಹಾಡೂದಲ್ಲ, ಬರೇ ಮಾತಾಡಿದಂಗ. ಭಜನಿಯೊಳಗ ಮುಂದಿನಾಕಿ ಹೇಳಿಕೊಡ್ತಾಳಲ್ಲ, ಹಂಗ. ಭಾಗ್ಯಶ್ರೀ ಹಾರ್ಮೋನಿಯಂ ಹಿಡದ್ಳು, ನಾವು ಹೆಣ್ಮಕ್ಕಳು ತಿರುಗಿ ಹಾಡಿದ್ವಿ. ಮತ್ತ ಆಕಿ ಒಂದು ಸಾಲು, ಮತ್ತ ನಾವು. ಆಮ್ಯಾಲ ಗಂಡಸರೂ ಶುರು ಮಾಡಿದ್ರು. ಬಸವಪ್ರಭು ಅಂತೂ ಅಳಾಕತ್ತಿದ್ರು. ಎಲ್ಲಾರೂ ಇದ್ರು, ನೀವೊಬ್ರ ಇರಲಿಲ್ಲ.”

ನಲವತ್ತು ವರ್ಷ ಬರಲಿಲ್ಲ. ಬಂದ ದಿನ ರೆಕಾರ್ಡು ಕೇಳಿ ಅತ್ತೆ. ನೀನು ನಿಜವಾಗಿ ಬಾಯಿ ತೆರೆದ ದಿನ ಕಾರಿನ ಗಾಜು ಏರಿಸಿದೆ. ನನ್ನಂಥವನು ಇನ್ನೊಬ್ಬನಿದ್ದಾನೆಯೇ?

ಅವತ್ತು ನಾನು ಕಾರಿನಿಂದ ಮತ್ತೆ ಒಳಗೆ ಬಂದಾಗ ನೀನು ಊಟಕ್ಕೂ ನಿಲ್ಲದೆ ಹೊರಟುಹೋಗಿದ್ದೆ, ಭಾಗ್ಯಶ್ರೀ ಸ್ಟೇಷನ್ನಿಗೆ ಬಿಟ್ಟಳಂತೆ. ಯಾರೋ ಫೋನಿನಲ್ಲಿ ಎಲ್ಲ ಹಿಡಿದಿದ್ದಾರೆ. ಯಶಸ್ ತೋರಿಸಲು ಬಂದ, ಬೇಡ ಎಂದೆ. ನಿನ್ನನ್ನು ಮಷೀನಿನಲ್ಲಿ ಕೇಳಿದ್ದು ಸಾಕು.

ನಿನ್ನ ಮನೆಗೆ ಬರಲೆ? ಹಾಡಬೇಡ. ಹತ್ತು ಮಾತಿಗೆ ಸುಸ್ತಾಗುತ್ತದೆ ಎಂದಿದ್ದೀ. ಹತ್ತೇ ಆಡು.

ಚಿದಾನಂದ


ಮ್ಯಾಂಚೆಸ್ಟರ್
15 ಮೇ 2025

ಅಣ್ಣಾ,

ನೀನು ಎದ್ದು ಹೋದದ್ದನ್ನು ಸ್ಟೇಜಿನ ಮೇಲಿನಿಂದ ನೋಡಿದೆ. ಬಾಗಿಲು ತಳ್ಳುವಾಗ ನಿನ್ನ ಬೆನ್ನು ಥೇಟ್ ಅಪ್ಪನದಾಗಿತ್ತು. ಗುಳಿಗೆ ಎಂದು ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ನಂಬುತ್ತಿರಲಿಲ್ಲ. ಅದಕ್ಕೇ ಊಟಕ್ಕೆ ನಿಲ್ಲಲಿಲ್ಲ. ಹೋಳಿಗೆಯ ವಾಸನೆ ಬಂದಿತ್ತು, ಆದರೂ ನಿಲ್ಲಲಿಲ್ಲ.

ಆದರೆ ನೀನೊಬ್ಬನೇ ನಾಚಿಕೊಂಡು ಕೂರಬೇಡ. ನಾನು ಮ್ಯಾಂಚೆಸ್ಟರಿನಿಂದ ರೈಲು ಹತ್ತಿದ್ದು ತುಟಿ ಆಡಿಸಲೆಂದೇ. ಒಪ್ಪಿಕೊಂಡೇ ಬಂದಿದ್ದೆ, ಕರಪತ್ರದ ಆ ಪೂರ್ತಿ ಹೆಸರಿನ ಆಸೆಗೆ. ಮೊದಲ ಸಾಲು ಆಡಿಸಿದೆ ಕೂಡ. ಆ ಹುಡುಗಿಯ ದನಿ ಕಿವಿಗೆ ಬಿದ್ದಾಗ ಗಾಬರಿಯಾಯಿತು. ಅವಳು ಯಾರಿಗೂ ಹೆದರದೆ ಹಾಡುತ್ತಿದ್ದಳು, ಅವಳ ಮುಂದೆ ನಾನು ಬಾಯಿ ತೆರೆದು ಮುಚ್ಚುತ್ತ ಕೂತಿದ್ದೆ. ಎದುರಿಗೆ ಕೂತ ಒಬ್ಬ ಮುದುಕಿ ನನ್ನ ಬಾಯಿಯನ್ನೇ ನೋಡುತ್ತ ಕೈ ಮುಗಿದಿದ್ದಳು. ಅಷ್ಟೇ, ಆಗಲಿಲ್ಲ. ಧೈರ್ಯ ಎಂದು ತಿಳಿಯಬೇಡ.

ಮ್ಯಾನೇಜರಿಗೆ ಹೇಳಿದ್ದೇನೆ. ಉಳಿದ ಬುಕಿಂಗೆಲ್ಲ ರದ್ದು. ಯಾಕೆ ಎಂದು ನನ್ನ ಹೆಸರಿನಲ್ಲೇ ಎರಡು ಪ್ಯಾರಾ ಬರೆದು ಇಂಟರ್‌ನೆಟ್ಟಿನಲ್ಲಿ ಹಾಕಿಸಿದೆ. ಕೆಲವರು ಹೂವು ಕಳಿಸಿದ್ದಾರೆ, ಕೆಲವರು ಬೈದಿದ್ದಾರೆ. ಬೈದವರ ಮಾತು ಹೆಚ್ಚು ಸರಿ ಇದೆ, ಅವನ್ನೇ ತಿರುತಿರುಗಿ ಓದುತ್ತಿದ್ದೇನೆ. ಗಂಡ ಸತ್ತ ವರ್ಷದ ಹೆಂಗಸು ಏನೂ ಬರೆದಿಲ್ಲ.

ಬಾ. ಭಾನುವಾರ ಹನ್ನೊಂದಕ್ಕೆ ಬಾ, ವೈನಿಯನ್ನೂ ಕರೆದುಕೊಂಡು ಬಾ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಾತಿನ ಚಿಕಿತ್ಸೆಗೆಂದು ನಾಲ್ಕು ವರ್ಷದಿಂದ ಕರೆಯುತ್ತಿದ್ದರು, ನಾನು ಹೋಗಿರಲಿಲ್ಲ. ಈ ವಾರ ಹೋದೆ. ಮೊಮ್ಮಗಳ ವಯಸ್ಸಿನ ಹುಡುಗಿ ಒಂದು ಲೋಟ ನೀರು, ಒಂದು ದಪ್ಪ ಸ್ಟ್ರಾ ಕೊಟ್ಟಳು. ಸ್ಟ್ರಾದಿಂದ ನೀರಿನೊಳಗೆ ಊದುತ್ತ ಗಂಟಲಿನಿಂದ ಸ್ವರ ಹೊರಡಿಸಬೇಕು. ಗುಳುಗುಳು ಎನ್ನುತ್ತದೆ, ನಡುನಡುವೆ ಎಮ್ಮೆ ಕೂಗಿದಂತೆ ಏನೋ ಬರುತ್ತದೆ. ಹಾಡು ಮರಳಿ ಬರುತ್ತದೆಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ. ದಿನಕ್ಕೆ ನಾಲ್ಕು ಸಲ ಮಾಡಬೇಕು, ಹನ್ನೊಂದೂವರೆಗೆ ಒಂದು ಸಲ. ನೀನು ಬಂದೆ ಎಂದು ನಾನು ಅದನ್ನು ಬಿಡುವುದಿಲ್ಲ, ಒಳಗಿನ ಕೋಣೆಗೆ ಹೋಗಿಯೂ ಮಾಡುವುದಿಲ್ಲ. ನಿನ್ನೆದುರಿಗೇ ಕೂತು ಊದುತ್ತೇನೆ.

ನಗು ಬಂದರೆ ನಕ್ಕುಬಿಡು. ಎದ್ದು ಹೋಗಬೇಡ.

ದಾಕ್ಷಿ